ಆ ಲೆನ್ಸ್ ಯಾರ ಸುಪರ್ದಿಯಲ್ಲಿದೆ? ಕಣ್ಣಾಸ್ಪತ್ರೆ ನಡೆಸುವವರಿಗೊಂದು ಬಹಿರಂಗ ಪತ್ರ

ಕಣ್ಣಾಸ್ಪತ್ರೆಗಳ ಟ್ರಸ್ಟಿಗಳೆ, ವೈದ್ಯಕೀಯ ಅಧೀಕ್ಷಕರೆ, ಖರೀದಿ ಸಮಿತಿಯ ಸದಸ್ಯರೆ,



ಕಣ್ಣಿನ ಆಪರೇಷನ್ನಿಗೆ ಬಳಸುವ ಮೈಕ್ರೋಸ್ಕೋಪುಗಳನ್ನು ಬಿಚ್ಚಿ, ಶುಚಿ ಮಾಡಿ, ಮತ್ತೆ ಜೋಡಿಸಿ ಕೊಡುವುದು ನನ್ನ ವೃತ್ತಿ. ಕರಾವಳಿ, ಮಲೆನಾಡು, ಬಯಲುಸೀಮೆ ಮೂರೂ ಕಡೆಯ ಥಿಯೇಟರುಗಳಲ್ಲಿ, ಆಪರೇಷನ್ ಇಲ್ಲದ ಹೊತ್ತು ನೋಡಿಕೊಂಡು ಈ ಕೆಲಸ ಮಾಡುತ್ತ ಬಂದಿದ್ದೇನೆ. ಇಲ್ಲಿ ಬರೆಯುತ್ತಿರುವ ಮಾತನ್ನು ಹಲವು ಆಸ್ಪತ್ರೆಗಳಲ್ಲಿ ಬಾಯಿಮಾತಿನಲ್ಲಿ ಹೇಳಿದ್ದೇನೆ. ಕೇಳಿದವರು ಒಪ್ಪಿದ್ದಾರೆ, ಟೀ ಕೊಟ್ಟು ಕಳಿಸಿದ್ದಾರೆ. ಮುಂದಿನ ಸಲ ಹೋದಾಗ ಲೆನ್ಸ್ ಇನ್ನಷ್ಟು ಮಂಕಾಗಿರುತ್ತದೆ. ಇದು ಯಾವುದೋ ಒಂದು ಆಸ್ಪತ್ರೆಯ ದೋಷವಾಗಿದ್ದರೆ ಅಲ್ಲಿಗೇ ಒಂದು ಕಾಗದ ಬರೆದು ಮುಗಿಸುತ್ತಿದ್ದೆ. ಸರ್ಕಾರಿ, ಧರ್ಮಾರ್ಥ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಕಡೆಯೂ ಕಂಡದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೈಕ್ರೋಸ್ಕೋಪು ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಬಲ್ಬು ಹೋದರೆ ಆ ದಿನದ ಪಟ್ಟಿಯಲ್ಲಿರುವ ರೋಗಿಗಳೆಲ್ಲ ಕಾಯಬೇಕಾಗುತ್ತದೆ, ಹಾಗಾಗಿ ಕೂಡಲೇ ಫೋನ್ ಬರುತ್ತದೆ. ಆದರೆ ಮೈಕ್ರೋಸ್ಕೋಪಿಗೆ ಸಿಕ್ಕಿಸುವ ಸಾಮಾನುಗಳ ಕತೆ ಬೇರೆ. ಬೆಳಕನ್ನು ಹಂಚುವ ಬೀಮ್ ಸ್ಪ್ಲಿಟರ್, ಸಹಾಯಕ ವೈದ್ಯರು ನೋಡುವ ಪಕ್ಕದ ಟ್ಯೂಬು, ಕ್ಯಾಮೆರಾದ ಅಡಾಪ್ಟರು, ಅಕ್ಷಿಪಟಲದ ಅಂಚಿನವರೆಗೂ ತೋರಿಸುವ ವೈಡ್ ಆ್ಯಂಗಲ್ ಲೆನ್ಸು, ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಇನ್ವರ್ಟರು, ಇವು ಒಮ್ಮೆಲೇ ನಿಂತುಹೋಗುವುದಿಲ್ಲ. ತಿಂಗಳು ತಿಂಗಳಿಗೂ ಸ್ವಲ್ಪ ಸ್ವಲ್ಪವೇ ಮಬ್ಬಾಗುತ್ತವೆ. ದಿನವೂ ಅದರಲ್ಲೇ ನೋಡುವ ಡಾಕ್ಟರ ಕಣ್ಣು ಆ ಮಬ್ಬಿಗೆ ಒಗ್ಗಿಕೊಳ್ಳುತ್ತದೆ. ಬೇರೆ ಊರಿನಿಂದ ಬಂದ ಡಾಕ್ಟರು ಒಂದು ದಿನ ಅದೇ ಕುರ್ಚಿಯಲ್ಲಿ ಕೂತು, ‘ಇದರಲ್ಲಿ ಹೇಗೆ ಆಪರೇಷನ್ ಮಾಡ್ತೀರಿ ಸರ್?’ ಎಂದು ಕೇಳಿದಾಗಲೇ ವಿಷಯ ಹೊರಬೀಳುವುದು.

ಇದಕ್ಕೆ ಮೂಲ ಕಾರಣ ಒಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಸಾಮಾನುಗಳನ್ನು ನೋಡಿಕೊಳ್ಳುವುದು ಇಂಥವರ ಕೆಲಸ ಎಂದು ನೀವು ಬರೆದುಕೊಟ್ಟಿಲ್ಲ. ಡಾಕ್ಟರು ಸಿಸ್ಟರನ್ನು ನಂಬಿರುತ್ತಾರೆ, ಸಿಸ್ಟರು ಟೆಕ್ನಿಷಿಯನ್ನನ್ನು, ಟೆಕ್ನಿಷಿಯನ್ನು ಕಂಪನಿಯವರನ್ನು. ಕಂಪನಿಯವರ ಕಾಗದದಲ್ಲಿ ಹೆಚ್ಚಾಗಿ ಈ ಸಾಮಾನಿನ ಹೆಸರೇ ಇರುವುದಿಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು, ಈ ಲೆನ್ಸುಗಳ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ದಯವಿಟ್ಟು ಯೋಚಿಸಿ. ನಮ್ಮ ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿನ ಶಾಲೆಗಳಲ್ಲಿ, ಚಪ್ಪರಗಳಲ್ಲಿ ಸಾವಿರಾರು ಜನರ ಪೊರೆ ತೆಗೆದರು. ಆ ಕಾಲದ ಪದ್ಧತಿಯಲ್ಲಿ ಪೊರೆಯನ್ನು ಅದರ ಚೀಲದ ಸಮೇತ ಹೊರತೆಗೆದು, ಆಮೇಲೆ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಈಗ ಪೊರೆಯನ್ನು ತೆಗೆದು, ಚೀಲವನ್ನು ಉಳಿಸಿ, ಅದರೊಳಗೆ ಕೃತಕ ಲೆನ್ಸು ಕೂರಿಸಬೇಕು. ಆ ಚೀಲದ ಹಿಂಗೋಡೆ ನಡುಭಾಗದಲ್ಲಿ 4 ಮೈಕ್ರಾನಿನಷ್ಟೂ ದಪ್ಪ ಇರುವುದಿಲ್ಲ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಕಾರ್ನಿಯಾಕ್ಕೆ ಹೊಲಿಗೆ ಹಾಕುವ 10-0 ನೈಲಾನ್ ದಾರ 20ರಿಂದ 29 ಮೈಕ್ರಾನ್. ಇವನ್ನು ಬರಿಗಣ್ಣಿನಿಂದ ಹಿಡಿದು ಕೆಲಸ ಮಾಡುವ ಮಾತೇ ಇಲ್ಲ.

ಮೈಕ್ರೋಸ್ಕೋಪು ಥಿಯೇಟರಿಗೆ ಬಂದದ್ದು ಕಿವಿಯ ಡಾಕ್ಟರುಗಳ ಮೂಲಕ. 1921ರಲ್ಲಿ ಸ್ವೀಡನ್ನಿನ ಕಾರ್ಲ್ ನೀಲೆನ್ ಒಂದೇ ಕಣ್ಣಿನಿಂದ ನೋಡುವ ಮೈಕ್ರೋಸ್ಕೋಪನ್ನು ಕಿವಿಯ ಶಸ್ತ್ರಚಿಕಿತ್ಸೆಗೆ ಬಳಸಿದರು. ಕಣ್ಣಿಗೆ ಅದನ್ನು ಮೊದಲು ಬಳಸಿದವರು ಷಿಕಾಗೋದ ರಿಚರ್ಡ್ ಪೆರಿಟ್, 1946ರಲ್ಲಿ. 1953ರಲ್ಲಿ ಝೈಸ್ ಕಂಪನಿಯ ಓಪಿಎಂಐ 1 ಬಂತು. ರೋಗಿಯಿಂದ ಇರುವ ದೂರವನ್ನು ಬದಲಿಸದೆ ಹಿಗ್ಗಿಸುವ ಪ್ರಮಾಣವನ್ನಷ್ಟೇ ಬದಲಿಸುವ ಹಾನ್ಸ್ ಲಿಟ್‌ಮನ್ ಅವರ ಏರ್ಪಾಟು ಅದರಲ್ಲಿತ್ತು. ಇಂದು ನಿಮ್ಮ ಥಿಯೇಟರಿನಲ್ಲಿರುವ ಯಂತ್ರ ಅದೇ ವಂಶದ್ದು. 1970ರ ಸುಮಾರಿಗೆ ಮಯಾಮಿಯಲ್ಲಿ ರಾಬರ್ಟ್ ಮಾಖೆಮರ್ ಕಣ್ಣಿನ ಒಳಗಿನ ಗಾಜುರಸವನ್ನು ಸಣ್ಣ ರಂಧ್ರದಿಂದ ತೆಗೆಯುವ ವಿಟ್ರೆಕ್ಟಮಿ ಆರಂಭಿಸಿದ ಮೇಲೆ, ಮೈಕ್ರೋಸ್ಕೋಪು ಕಣ್ಣಿನ ಮುಂಭಾಗ ತೋರಿಸಿದರೆ ಸಾಲದಾಯಿತು, ಹಿಂಭಾಗದ ಅಕ್ಷಿಪಟಲವನ್ನೂ ತೋರಿಸಬೇಕಾಯಿತು. 1987ರಲ್ಲಿ ಜರ್ಮನಿಯ ಬಾನ್ ನಗರದ ಮಾನ್‌ಫ್ರೆಡ್ ಸ್ಪಿಟ್ಸ್‌ನಾಸ್ ಕಣ್ಣನ್ನು ಮುಟ್ಟದೆಯೇ ವಿಶಾಲ ನೋಟ ಕೊಡುವ ಬಯೋಂ ಸಾಧನವನ್ನು ಪ್ರಕಟಿಸಿದರು. ಕಾರ್ನಿಯಾದಿಂದ ಕೆಲವೇ ಮಿಲಿಮೀಟರ್ ಮೇಲೆ ತೂಗುವ ಒಂದು ಪುಟ್ಟ ಲೆನ್ಸು, ಅದು ಕೊಡುವ ತಲೆಕೆಳಗಾದ ಚಿತ್ರವನ್ನು ಸರಿಪಡಿಸುವ ಇನ್ವರ್ಟರು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕಿತ್ತುಬಂದ ರೋಗಿಯ ನೋಟ ಉಳಿಯುವುದೋ ಹೋಗುವುದೋ ಎಂಬುದು ಇಂದು ಆ ಲೆನ್ಸಿನ ಮೂಲಕ ಕಾಣುವುದನ್ನು ಅವಲಂಬಿಸಿದೆ.

ಇನ್ನು ಬೆಳಕಿನ ಲೆಕ್ಕ. ಖರೀದಿ ಸಮಿತಿಯವರು ಇದನ್ನೊಮ್ಮೆ ಕಾಗದದ ಮೇಲೆ ಬರೆದು ನೋಡಬೇಕೆಂದು ನನ್ನ ಆಸೆ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ಬೀಳುವ ಬೆಳಕಿನಲ್ಲಿ ಸುಮಾರು ಶೇ 4ನ್ನು ಹಿಂದಕ್ಕೆ ಎಸೆಯುತ್ತದೆ. ಅಂಥ ಹತ್ತು ಮುಖ ದಾಟುವಷ್ಟರಲ್ಲಿ ಮೂರನೇ ಒಂದು ಭಾಗ ಬೆಳಕು ಹೋಗಿಬಿಟ್ಟಿರುತ್ತದೆ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಪ್ರತಿಫಲನ ತಡೆಯುವ ಲೇಪನವನ್ನು ಕಂಡುಹಿಡಿದ ಕಾರಣದಿಂದಲೇ ಇಷ್ಟೊಂದು ಗಾಜುಗಳನ್ನು ಸಾಲಾಗಿ ಜೋಡಿಸಲು ಸಾಧ್ಯವಾಗಿದೆ. ಸಾಮಾನ್ಯವಾಗಿ ಬಳಸುವ ಮೆಗ್ನೀಷಿಯಂ ಫ್ಲೋರೈಡ್ ಲೇಪನದ ದಪ್ಪ 100 ನ್ಯಾನೋಮೀಟರ್ ಆಸುಪಾಸು, ಅಂದರೆ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗ. ಒರಟು ಗಾಜ್ ಬಟ್ಟೆಯಿಂದ ತಿಕ್ಕುವಾಗ ನಾವು ಕೆರೆಯುತ್ತಿರುವುದು ಇದನ್ನು.

ಈ ಬೆಳಕಿನ ನಷ್ಟದ ಮೇಲೆ ಬೀಮ್ ಸ್ಪ್ಲಿಟರ್ ಬರುತ್ತದೆ. ಅರ್ಧಕ್ಕರ್ಧ ಹಂಚುವ ಸ್ಪ್ಲಿಟರ್ ಹಾಕಿದರೆ ಡಾಕ್ಟರ ಕಣ್ಣಿಗೆ ಬರುವ ಬೆಳಕು ಅರ್ಧವಾಗುತ್ತದೆ, ಉಳಿದರ್ಧ ಕ್ಯಾಮೆರಾಕ್ಕೆ, ಸಹಾಯಕರಿಗೆ. ಇದು ಅದರ ಸ್ವಭಾವ, ಅದನ್ನು ತಿಳಿದೇ ಡಾಕ್ಟರು ಬೆಳಕು ಹೊಂದಿಸಿಕೊಂಡಿರುತ್ತಾರೆ. ಆದರೆ ಅದೇ ಸ್ಪ್ಲಿಟರಿನ ಗಾಜಿಗೆ ಧೂಳು ಕೂತರೆ, ಆಬ್ಜೆಕ್ಟಿವ್ ಲೆನ್ಸಿನ ಕೆಳಮುಖಕ್ಕೆ ಸಲೈನ್ ಹನಿ ಹಾರಿ ಒಣಗಿದ್ದರೆ, ಒಳಗೆಲ್ಲೋ ಬೂಷ್ಟು ಬೆಳೆದಿದ್ದರೆ ನಷ್ಟ ಬರೀ ಬೆಳಕಿನದ್ದಾಗಿ ಉಳಿಯುವುದಿಲ್ಲ. ಕೊಳೆ ಬೆಳಕನ್ನು ಚದುರಿಸುತ್ತದೆ. ಪೊರೆ ಆಪರೇಷನ್ನಿನಲ್ಲಿ ಅಕ್ಷಿಪಟಲದಿಂದ ಮರಳಿಬರುವ ಕೆಂಪು ಹೊಳಪನ್ನೇ ಹಿನ್ನೆಲೆಯಾಗಿ ಇಟ್ಟುಕೊಂಡು ಡಾಕ್ಟರು ಚೀಲದ ಮುಂಗೋಡೆಯನ್ನು ವೃತ್ತಾಕಾರವಾಗಿ ಹರಿಯುತ್ತಾರೆ. ರೆಡ್ ರಿಫ್ಲೆಕ್ಸ್ ಎನ್ನುವುದು ಆ ಹೊಳಪಿಗೇ. ಚದುರಿದ ಬೆಳಕು ಆ ಕೆಂಪಿನ ಮೇಲೆ ಬಿಳಿ ತೆರೆ ಎಳೆಯುತ್ತದೆ, ಹರಿದ ಅಂಚು ಕಾಣದಾಗುತ್ತದೆ. ಆಗ ಡಾಕ್ಟರು ಏನು ಮಾಡುತ್ತಾರೆ? ಬೆಳಕು ಏರಿಸುತ್ತಾರೆ.

ಏರಿಸಿದ ಬೆಳಕು ಬೀಳುವುದು ರೋಗಿಯ ಅಕ್ಷಿಪಟಲದ ಮೇಲೆ. ಮೈಕ್ರೋಸ್ಕೋಪಿನ ಬೆಳಕೇ ಅಕ್ಷಿಪಟಲದ ನಡುಭಾಗವನ್ನು ಸುಡಬಲ್ಲದು ಎಂಬುದನ್ನು 1983ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಅರ್ವೈನ್ ಎಂಬ ವೈದ್ಯರು ಪೊರೆ ಆಪರೇಷನ್ ಆದ ರೋಗಿಗಳಲ್ಲಿ ಕಂಡು ಬರೆದರು. ಬೆಳಕಿನ ಪ್ರಖರತೆ, ಅದು ಬಿದ್ದ ಅವಧಿ, ಅದರಲ್ಲಿರುವ ನೀಲಿಯ ಪಾಲು, ಈ ಮೂರೂ ಸೇರಿ ಹಾನಿ ಮಾಡುತ್ತವೆ. ಅದಕ್ಕಾಗಿಯೇ ಫಿಲ್ಟರುಗಳಿವೆ, ಕೆಲಸವಿಲ್ಲದ ಕ್ಷಣದಲ್ಲಿ ಕಾರ್ನಿಯಾವನ್ನು ಮುಚ್ಚುವ ಅಭ್ಯಾಸವಿದೆ. ಒಂದು ಕೊಳಕು ಲೆನ್ಸು ಪ್ರಖರತೆಯನ್ನೂ ಹೆಚ್ಚಿಸುತ್ತದೆ, ಕೆಲಸ ನಿಧಾನವಾಗುವುದರಿಂದ ಅವಧಿಯನ್ನೂ ಹೆಚ್ಚಿಸುತ್ತದೆ. ಹೊರಗೆ ಬೆಂಚಿನ ಮೇಲೆ ಕೂತಿರುವ ಅಜ್ಜಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಆಕೆಯ ಪರವಾಗಿ ತಿಳಿದಿರಬೇಕಾದವರು ನೀವು.

ಕರಾವಳಿಯ ಆಸ್ಪತ್ರೆಗಳವರಿಗೆ ಪ್ರತ್ಯೇಕವಾಗಿ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಟಿ ತಿಂಗಳಲ್ಲಿ, ನಮ್ಮ ಗಾಳಿಯ ತೇವಾಂಶ ಶೇ 70ರ ಕೆಳಗೆ ಇಳಿಯುವುದೇ ಅಪರೂಪ. ಲೆನ್ಸಿಗೆ ಫಂಗಸ್ ಹಿಡಿಯಲು ಅಷ್ಟು ಸಾಕು. ಧೂಳು, ಬೆರಳಿನ ಜಿಡ್ಡು ಅದಕ್ಕೆ ಆಹಾರ. ಟಾರ್ಚ್ ಬಿಟ್ಟು ನೋಡಿದರೆ ಜೇಡನ ನೂಲಿನಂತೆ ಹರಡಿರುವುದು ಕಾಣುತ್ತದೆ. ಬೇಗ ಕಂಡರೆ ಬಿಚ್ಚಿ ಒರೆಸಿ ತೆಗೆಯಬಹುದು. ಹಾಗೇ ಬಿಟ್ಟರೆ ಅದು ಬಿಡುವ ಆಮ್ಲ ಲೇಪನವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ, ಲೆನ್ಸನ್ನೇ ಬದಲಿಸಬೇಕು.

ನಾನು ಕಂಡ ಒಂದು ಆಸ್ಪತ್ರೆಯಲ್ಲಿ ವಿಟ್ರೆಕ್ಟಮಿ ಮಾಡುವ ಡಾಕ್ಟರು ವಾರಕ್ಕೊಮ್ಮೆ ಪಟ್ಟಣದಿಂದ ಬರುತ್ತಿದ್ದರು. ಮಧ್ಯೆ ಯಾವುದೋ ಕಾರಣಕ್ಕೆ ಅವರು ಬರುವುದು ನಿಂತಿತು. ಅವರು ಬಳಸುತ್ತಿದ್ದ ವೈಡ್ ಆ್ಯಂಗಲ್ ಸೆಟ್ಟನ್ನು, ಇನ್ವರ್ಟರ್ ಸಮೇತ, ಅದರ ಸ್ಪಂಜಿನ ಪೆಟ್ಟಿಗೆಯಲ್ಲೇ ಇಟ್ಟು, ಜಾಗ್ರತೆಗೆಂದು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಸ್ಟೀಲ್ ಕಪಾಟಿನಲ್ಲಿ ಬೀಗ ಹಾಕಿದ್ದರು. ಬೀಗದ ಕೈ ಸ್ಟೋರಿನಲ್ಲಿತ್ತು. ಮಳೆಗಾಲ ಮುಗಿದ ಮೇಲೆ ತೆಗೆದಾಗ ಪ್ರಿಸಮ್ಮಿನ ಒಳಮುಖದ ತುಂಬ ಬೂಷ್ಟು. ಯಾರೂ ಅಸಡ್ಡೆ ಮಾಡಿರಲಿಲ್ಲ, ಎಲ್ಲರೂ ಕಾಪಾಡಬೇಕೆಂದೇ ಮಾಡಿದ್ದರು. ಆದರೆ ಸ್ಪಂಜು ತೇವ ಹೀರಿ ಹಿಡಿದಿಡುತ್ತದೆ, ಬಿಗಿದ ಪ್ಲಾಸ್ಟಿಕ್ ಅದನ್ನು ಹೊರಗೆ ಹೋಗಲು ಬಿಡುವುದಿಲ್ಲ, ಕತ್ತಲು ಬೂಷ್ಟಿಗೆ ಅನುಕೂಲ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದಕ್ಕೆ ಬೇಕಾದದ್ದು ದೊಡ್ಡ ಖರ್ಚಲ್ಲ. ಕಪಾಟಿನ ತಳದಲ್ಲಿ 15 ಅಥವಾ 25 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬೊಂದು ಸದಾ ಉರಿಯುತ್ತಿದ್ದರೆ ಒಳಗಿನ ಗಾಳಿ ಬೆಚ್ಚಗಿದ್ದು ತೇವ ಕೂರುವುದಿಲ್ಲ. ಎಲ್‌ಇಡಿ ಹಾಕಬೇಡಿ, ಅದು ಆ ಕೆಲಸಕ್ಕೆ ಬೇಕಾದಷ್ಟು ಬಿಸಿಯಾಗುವುದಿಲ್ಲ. ಸಿಲಿಕಾ ಜೆಲ್ ಇಡುವುದಾದರೆ ಅದರ ಬಣ್ಣ ಯಾರಾದರೂ ನೋಡಬೇಕು. ನೀಲಿಯದ್ದು ತಿಳಿಗೆಂಪಾದರೆ, ಕಿತ್ತಳೆಯದ್ದು ಹಸಿರಾದರೆ ಅದರ ಹೀರುವ ಶಕ್ತಿ ಮುಗಿದಂತೆ. ಓವನ್ನಿನಲ್ಲಿ ಸುಮಾರು 120 ಡಿಗ್ರಿಗೆ ಕೆಲವು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಎಷ್ಟೋ ಪೆಟ್ಟಿಗೆಗಳಲ್ಲಿ ಯಂತ್ರದ ಜೊತೆ ಬಂದ ಸಿಲಿಕಾ ಪೊಟ್ಟಣ ವರ್ಷಗಟ್ಟಲೆ ಹಾಗೇ ಬಿದ್ದಿರುವುದನ್ನು ನೋಡಿದ್ದೇನೆ. ಮೈಕ್ರೋಸ್ಕೋಪಿನ ತಲೆಗೆ ರಾತ್ರಿ ಹೊದಿಸುವುದು ಬಟ್ಟೆಯ ಕವರಾಗಲಿ. ಹಗಲಿಡೀ ಏಸಿ ಹಾಕಿ ಸಂಜೆ ಆರಿಸಿದ ಕೂಡಲೇ ಹೊರಗಿನ ತೇವದ ಗಾಳಿ ಒಳಬಂದು ತಣ್ಣನೆಯ ಗಾಜಿನ ಮೇಲೆ ಕೂರುತ್ತದೆ, ಆಗಲೇ ಪ್ಲಾಸ್ಟಿಕ್ ಹೊದಿಸಿದರೆ ಆ ನೀರು ಅಲ್ಲೇ ಉಳಿಯುತ್ತದೆ. ಇನ್ನೂ ಫಾರ್ಮಲಿನ್ ಹೊಗೆ ಹಾಕುವ ಥಿಯೇಟರುಗಳಿವೆ. ಅದರ ಆವಿ ತಣಿದು ಬಿಳಿ ಪುಡಿಯಾಗಿ ಗಾಜಿನ ಮೇಲೆ ನಿಲ್ಲುತ್ತದೆ. ಬಿಚ್ಚಬಹುದಾದ ಅಟ್ಯಾಚ್‌ಮೆಂಟುಗಳನ್ನಾದರೂ ಆ ದಿನ ಹೊರಗಿಡಿ.

ಈಗ ಸಿಸ್ಟರುಗಳ ಬಗ್ಗೆ. ಲೆನ್ಸಿನ ಮೇಲೆ ಗೆರೆ ಬಿದ್ದಾಗ ಮೊದಲು ಬೈಗುಳ ತಿನ್ನುವವರು ಥಿಯೇಟರ್ ಸಿಸ್ಟರು. ಅದು ಅನ್ಯಾಯ. ಆಕೆಯ ಕೈಗೆ ನೀವು ಕೊಟ್ಟಿರುವುದು ಗಾಜ್ ಬಟ್ಟೆ ಮತ್ತು ಸ್ಪಿರಿಟ್. ಒಂದು ಕೇಸಿಗೂ ಇನ್ನೊಂದು ಕೇಸಿಗೂ ನಡುವೆ ಕೊಟ್ಟಿರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಟೇಬಲ್ ಬದಲಾಗಬೇಕು, ಟ್ರೇ ಬರಬೇಕು, ರೋಗಿ ಮಲಗಬೇಕು. ಅದರ ಮಧ್ಯೆ ಲೆನ್ಸು ಒರೆಸುವ ಕ್ರಮ ಕಲಿಯಿರಿ ಎಂದರೆ ಯಾವಾಗ ಕಲಿಯಬೇಕು?

ಕ್ರಮ ಕಷ್ಟದ್ದೇನಲ್ಲ. ರಬ್ಬರ್ ಬಲ್ಬಿನಿಂದ ಗಾಳಿ ಊದಿ ಮೊದಲು ಧೂಳಿನ ಕಣ ಹಾರಿಸಬೇಕು. ಒಣ ಗಾಜಿನ ಮೇಲೆ ಮರಳಿನ ಕಣ ಕೂತಿರುವಾಗ ಒರೆಸಿದರೆ ಗೆರೆ ಬೀಳಲೇಬೇಕು. ಆಮೇಲೆ ಮೃದುವಾದ ಕುಂಚ. ಅಷ್ಟಕ್ಕೂ ಹೋಗದ ಕಲೆಗೆ ಮಾತ್ರ ಲೆನ್ಸ್ ಪೇಪರಿಗೆ ಲೆನ್ಸ್ ದ್ರವ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹಗುರವಾಗಿ ಒರೆಸಬೇಕು. ದ್ರವವನ್ನು ನೇರವಾಗಿ ಲೆನ್ಸಿನ ಮೇಲೆ ಸುರಿಯಬಾರದು, ಅದು ಅಂಚಿನಿಂದ ಇಳಿದು ಗಾಜುಗಳನ್ನು ಅಂಟಿಸಿರುವ ಅಂಟಿಗೆ ಹೋಗುತ್ತದೆ. ಒಮ್ಮೆ ಬಳಸಿದ ಪೇಪರನ್ನು ಎಸೆಯಬೇಕು. ಒಳಗಿನ ಮುಖಗಳ ತಂಟೆಗೆ ಹೋಗಬಾರದು. ಇನ್ನೊಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ: ಕೊಳೆಯಾಗದ ಲೆನ್ಸನ್ನು ಒರೆಸಬೇಡಿ. ದಿನವೂ ಒರೆಸಬೇಕೆಂದು ಗೋಡೆಗೆ ಬರೆದು ಅಂಟಿಸಿದ ಆಸ್ಪತ್ರೆಗಳಲ್ಲಿ ಲೇಪನ ಸವೆದದ್ದೂ ಉಂಟು. ದಿನವೂ ಮಾಡಬೇಕಾದದ್ದು ನೋಡುವುದು, ಬೇಕಾದಾಗ ಒರೆಸುವುದು.

ವೈಡ್ ಆ್ಯಂಗಲ್ ಲೆನ್ಸಿಗೆ ಇನ್ನೂ ಹೆಚ್ಚಿನ ಕಾಳಜಿ ಬೇಕು, ಏಕೆಂದರೆ ಅದು ಸ್ಟೆರೈಲ್ ಆಗಿ ಕಣ್ಣಿನ ಪಕ್ಕಕ್ಕೇ ಬರುತ್ತದೆ. ಆಪರೇಷನ್ ನಡುವೆ ಅದಕ್ಕೆ ಹಬೆ ಹಿಡಿಯುತ್ತದೆ. ಮುಖಕ್ಕೆ ಹೊದಿಸಿದ ಡ್ರೇಪ್ ಬಟ್ಟೆಯ ಸಂದಿನಿಂದ ರೋಗಿಯ ಉಸಿರು ಬಂದು ತಣ್ಣನೆಯ ಲೆನ್ಸಿಗೆ ತಗಲುವುದು ಒಂದು ಕಾರಣ. ಮೂಗಿನ ಪಕ್ಕದಲ್ಲಿ ಡ್ರೇಪನ್ನು ಸರಿಯಾಗಿ ಅಂಟಿಸಿದರೆ ಅರ್ಧ ತೊಂದರೆ ಮುಗಿಯುತ್ತದೆ. ಕಾರ್ನಿಯಾ ಒಣಗಿದರೆ ಎಷ್ಟು ಒಳ್ಳೆಯ ಲೆನ್ಸಿದ್ದರೂ ಚಿತ್ರ ಕಲಕಿಹೋಗುತ್ತದೆ. ಪದೇ ಪದೇ ನೀರು ಹಾಕಿದರೆ ಅದೇ ಹಾರಿ ಲೆನ್ಸಿಗೆ ಬೀಳುತ್ತದೆ. ಕಾರ್ನಿಯಾದ ಮೇಲೆ ತೆಳುವಾಗಿ ವಿಸ್ಕೋ ಎಂಬ ಜೆಲ್ ಹಚ್ಚಿದರೆ ಬಹಳ ಹೊತ್ತು ನಿಲ್ಲುತ್ತದೆ. ಅನುಭವವಿರುವ ಸಿಸ್ಟರು ಡಾಕ್ಟರು ಕೇಳುವ ಮೊದಲೇ ಇದನ್ನು ಮಾಡಿರುತ್ತಾರೆ. ಅಂಥ ಒಬ್ಬರನ್ನು ನೀವು ವರ್ಷಕ್ಕೆರಡು ಸಲ ವಾರ್ಡಿನಿಂದ ವಾರ್ಡಿಗೆ ಬದಲಿಸಿದರೆ ಆ ಕೈಗುಣ ಥಿಯೇಟರಿನಿಂದ ಹೋಗುತ್ತದೆ.

ಆಪರೇಷನ್ ಮುಗಿದ ಮೇಲೆ ಆಗುವ ಹಾನಿಯೇ ಹೆಚ್ಚು. ಲೆನ್ಸಿಗೆ ಅಂಟಿದ ವಿಸ್ಕೋ, ಸಲೈನ್, ರಕ್ತ ಒಣಗುವ ಮೊದಲೇ ತೊಳೆಯಬೇಕು. ಒಣಗಿದ ಮೇಲೆ ಹಾಗೇ ಆಟೋಕ್ಲೇವಿಗೆ ಹಾಕಿದರೆ 134 ಡಿಗ್ರಿಯಲ್ಲಿ ಅದು ಗಾಜಿನ ಮೇಲೆ ಬೆಂದು ಕೂರುತ್ತದೆ. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು. ಬಯಲುಸೀಮೆಯ ಕೊಳವೆಬಾವಿ ನೀರಿನಲ್ಲಿ ತೊಳೆದ ಲೆನ್ಸಿನ ಮೇಲೆ ಸುಣ್ಣದ ಚುಕ್ಕೆಗಳು ನಿಲ್ಲುವುದನ್ನು ಎಲ್ಲ ಕಡೆ ಕಂಡಿದ್ದೇನೆ. ಆಟೋಕ್ಲೇವಿನಿಂದ ತೆಗೆದ ಬಿಸಿ ಲೆನ್ಸನ್ನು ಬೇಗ ಬೇಕೆಂದು ತಣ್ಣನೆಯ ಸಲೈನಿಗೆ ಅದ್ದಿದರೆ ಗಾಜು ಸೀಳಬಹುದು, ಅಂಟು ಬಿಡಬಹುದು. ಎಲ್ಲ ಲೆನ್ಸೂ ಆಟೋಕ್ಲೇವಿಗೆ ಹೋಗುವಂಥವೂ ಅಲ್ಲ. ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದು ತಯಾರಕರ ಪುಸ್ತಿಕೆಯಲ್ಲಿರುತ್ತದೆ. ಆ ಪುಸ್ತಿಕೆ ನಿಮ್ಮ ಖರೀದಿ ಕಡತದೊಳಗಿದೆ, ಥಿಯೇಟರಿನಲ್ಲಿಲ್ಲ. ಗ್ಲುಟರಾಲ್ಡಿಹೈಡಿನಲ್ಲಿ ನೆನೆಸಿ ಅರೆಬರೆ ತೊಳೆದ ಲೆನ್ಸು ಕಣ್ಣಿಗೆ ತಗಲಿದರೆ ಅದರ ಶೇಷ ಕಾರ್ನಿಯಾಕ್ಕೆ ವಿಷ. ಪ್ಲಾಸ್ಟಿಕ್ಕಿನ ಕಾಂಟ್ಯಾಕ್ಟ್ ಲೆನ್ಸುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಮೈತುಂಬ ಸಣ್ಣ ಬಿರುಕು ಬೀಳುತ್ತದೆ.

ಇದಕ್ಕಿಂತ ಗಂಭೀರವಾದದ್ದೊಂದಿದೆ. ಕಣ್ಣಿನ ಮೇಲೆ ತೂಗುವ ಈ ಲೆನ್ಸಿನ ಹಿಡಿಕೆಯನ್ನು, ಮೈಕ್ರೋಸ್ಕೋಪು ತಪ್ಪಿ ಕೆಳಗಿಳಿದು ಲೆನ್ಸು ಕಣ್ಣಿಗೆ ತಗಲಿದರೆ, ತಾನೇ ಮೇಲಕ್ಕೆ ಜಾರುವಂತೆ ಮಾಡಿರುತ್ತಾರೆ. ರೋಗಿಯ ಕಣ್ಣಿಗೆ ಅದೇ ರಕ್ಷಣೆ. ಹಿಡಿಕೆ ಜಾರುವ ಸರಳಿನ ಮೇಲೆ ಸಲೈನ್ ಒಣಗಿ ಉಪ್ಪು ಹಿಡಿದರೆ ಅದು ಜಾರುವುದಿಲ್ಲ. ಲೆನ್ಸು ಹೊಳೆಯುತ್ತಿರುತ್ತದೆ, ನೋಟ ಚೆನ್ನಾಗಿರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಪ್ರತಿ ಕೇಸಿಗೆ ಮೊದಲು ಬೆರಳಿನಿಂದ ಒಮ್ಮೆ ಮೇಲಕ್ಕೆ ತಳ್ಳಿ ನೋಡುವುದಕ್ಕೆ ಎರಡು ಸೆಕೆಂಡು ಸಾಕು.

ಸ್ಕ್ರೂಗಳ ವಿಷಯವೂ ಹಾಗೆಯೇ. ಬೀಮ್ ಸ್ಪ್ಲಿಟರ್, ಸಹಾಯಕರ ಟ್ಯೂಬು, ಕ್ಯಾಮೆರಾ ಎಲ್ಲವೂ ಒಂದು ಬಿಗಿತಿರುಪಿನ ಮೇಲೆ ನಿಂತಿವೆ, ಅವುಗಳ ನೇರ ಕೆಳಗೆ ರೋಗಿಯ ತೆರೆದ ಕಣ್ಣಿದೆ. ಹೊಸದೊಂದು ಅಟ್ಯಾಚ್‌ಮೆಂಟ್ ಹಾಕಿದರೆ ತಲೆಯ ಭಾರ ಹೆಚ್ಚುತ್ತದೆ, ತೋಳಿನ ಸ್ಪ್ರಿಂಗನ್ನು ಆ ಭಾರಕ್ಕೆ ಮತ್ತೆ ಹೊಂದಿಸಬೇಕು, ಇಲ್ಲದಿದ್ದರೆ ತೋಳು ತಾನಾಗಿ ಕುಸಿಯುತ್ತದೆ. ತೆಗೆದಾಗಲೂ ಹೊಂದಿಸಬೇಕು. ತೆಗೆದ ಜಾಗದ ಬಾಯಿಗೆ ಮುಚ್ಚಳ ಹಾಕಬೇಕು. ಆ ಮುಚ್ಚಳಗಳು ಕಳೆದುಹೋಗಿ ಬಾಯಿ ತೆರೆದೇ ಇರುವ ಸ್ಪ್ಲಿಟರುಗಳನ್ನು ಎಷ್ಟೋ ಕಡೆ ಕಂಡಿದ್ದೇನೆ. ಟ್ಯೂಬು ಕೈಜಾರಿ ಬಿದ್ದರೆ ಹೊರಗೆ ಏನೂ ಕಾಣದಿರಬಹುದು, ಒಳಗಿನ ಪ್ರಿಸಂ ಕೂದಲೆಳೆಯಷ್ಟು ಸರಿದಿರುತ್ತದೆ. ಆಮೇಲೆ ಡಾಕ್ಟರಿಗೆ ಎರಡು ಕಣ್ಣಿನ ಚಿತ್ರ ಒಂದಾಗಲು ತಡವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ತಲೆನೋವು. ಬಿದ್ದದ್ದನ್ನು ಹೇಳಿದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆ ಇರುವಲ್ಲಿ ಯಾರೂ ಹೇಳುವುದಿಲ್ಲ. ದಯವಿಟ್ಟು ಆ ಹೆದರಿಕೆ ತೆಗೆಯಿರಿ.

ಸರ್ಜನ್ ಮಹನೀಯರಿಗೂ ಒಂದು ವಿನಂತಿ. ಐಪೀಸುಗಳನ್ನು ನಿಮ್ಮ ಕಣ್ಣಿಗೆ ಸರಿಯಾಗಿ ಹೊಂದಿಸಿಕೊಳ್ಳದೆ ಕ್ಯಾಮೆರಾ ಮಸುಕು ಎಂದು ದೂರಬೇಡಿ. ಬಿಳಿ ಕಾಗದದ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ, ಅತಿ ಹೆಚ್ಚು ಹಿಗ್ಗಿಸಿ ಫೋಕಸ್ ಮಾಡಿ. ಮೈಕ್ರೋಸ್ಕೋಪನ್ನು ಅಲುಗಿಸದೆ ಅತಿ ಕಡಿಮೆಗೆ ಇಳಿಸಿ. ಈಗ ಒಂದೊಂದೇ ಕಣ್ಣಿನಲ್ಲಿ, ಐಪೀಸನ್ನು ಪ್ಲಸ್ ಕೊನೆಯಿಂದ ನಿಧಾನವಾಗಿ ತಿರುಗಿಸುತ್ತ ಗುರುತು ಸ್ಪಷ್ಟವಾದ ಕಡೆ ನಿಲ್ಲಿಸಿ. ಆ ಅಂಕಿಯನ್ನು ಬರೆದಿಡಿ. ಆಮೇಲೆ ಕ್ಯಾಮೆರಾದ ಫೋಕಸ್ ಹೊಂದಿಸಿದರೆ ನಿಮಗೆ ಕಂಡದ್ದೇ ಪರದೆಯ ಮೇಲೂ ಕಾಣುತ್ತದೆ. ಪಿಜಿ ವಿದ್ಯಾರ್ಥಿಗಳು ಪಕ್ಕದ ಟ್ಯೂಬಿನಿಂದಲೂ ಆ ಪರದೆಯಿಂದಲೂ ಕಲಿಯುತ್ತಾರೆ. ಚೀಲದ ಅಂಚು ಕಾಣದ ಮಸುಕು ಚಿತ್ರ ನೋಡಿ ಕಲಿತವರು ನಾಳೆ ಇನ್ನೊಬ್ಬರ ಕಣ್ಣಿಗೆ ಕೈಹಾಕುತ್ತಾರೆ.

ಕೊನೆಯದಾಗಿ ನಿಮ್ಮ ಮೇಜಿನ ಮೇಲಿನ ಕಾಗದಗಳ ವಿಷಯ. ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನು ತೆಗೆದು ಓದಿ. ಮೈಕ್ರೋಸ್ಕೋಪಿನ ಹೆಸರು, ಸೀರಿಯಲ್ ನಂಬರ್ ಇರುತ್ತದೆ. ಬೇರೆ ಬಿಲ್ಲಿನಲ್ಲಿ, ಬೇರೆ ವರ್ಷದಲ್ಲಿ, ಕೆಲವೊಮ್ಮೆ ದಾನಿಯೊಬ್ಬರ ಹೆಸರಿನಲ್ಲಿ ಬಂದ ಅಟ್ಯಾಚ್‌ಮೆಂಟುಗಳು ನಾನು ನೋಡಿದ ಹೆಚ್ಚಿನ ಒಪ್ಪಂದಗಳಲ್ಲಿ ಸೇರಿರಲಿಲ್ಲ. ಇಂಜಿನಿಯರು ಬರುತ್ತಾರೆ, ಯಂತ್ರ ನೋಡುತ್ತಾರೆ, ಪಕ್ಕದ ಪೆಟ್ಟಿಗೆಯನ್ನು ತೆರೆಯುವುದಿಲ್ಲ. ಅದು ಅವರ ತಪ್ಪಲ್ಲ, ಒಪ್ಪಂದದಲ್ಲಿ ಇಲ್ಲದ್ದನ್ನು ಅವರು ಮುಟ್ಟುವ ಹಾಗಿಲ್ಲ. ಟೆಂಡರ್ ಕರೆಯುವಾಗಲೇ ಪ್ರತಿ ಅಟ್ಯಾಚ್‌ಮೆಂಟಿನ ಸೀರಿಯಲ್ ನಂಬರ್ ಸೇರಿಸಿ, ಥಿಯೇಟರ್ ಸಿಬ್ಬಂದಿಗೆ ತರಬೇತಿ ಕೊಡುವುದನ್ನು ಷರತ್ತಾಗಿ ಹಾಕಿ. ಬಿಡಿ ಮುಚ್ಚಳ, ಲೆನ್ಸ್ ಪೇಪರ್, ಊದುವ ಬಲ್ಬ್ ಇವುಗಳಿಗೆ ಸಣ್ಣ ಮೊತ್ತವೊಂದನ್ನು ಥಿಯೇಟರಿನ ಕೈಯಲ್ಲೇ ಬಿಡಿ. ಲೆನ್ಸ್ ಪೇಪರಿಗೆ ಮೂರು ಸಹಿ ಬೇಕಾದಲ್ಲಿ ಗಾಜ್ ಬಟ್ಟೆಯೇ ಗತಿಯಾಗುತ್ತದೆ.

ತರಬೇತಿ ಎಲ್ಲಿ ಎಂದು ಕೇಳುತ್ತೀರಿ. ಮದುರೈನಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ಇಂದು ಹೊರದೇಶಗಳ ಟೆಕ್ನಿಷಿಯನ್ನುಗಳಿಗೂ ಉಪಕರಣ ನಿರ್ವಹಣೆ ಕಲಿಸುತ್ತದೆ. ನಮ್ಮ ಊರುಗಳಿಂದ ಮದುರೈ ಒಂದು ರಾತ್ರಿಯ ಪ್ರಯಾಣ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಆಪರೇಷನ್ ಮಾಡುವ ಆಸ್ಪತ್ರೆಯೊಂದು ತನ್ನ ಉಪಕರಣಗಳನ್ನು ತಾನೇ ನೋಡಿಕೊಳ್ಳುವ ಜನರನ್ನು ಬೆಳೆಸಿಕೊಂಡಿದೆ ಎಂಬುದನ್ನು ನಮ್ಮ ಟ್ರಸ್ಟಿಗಳು ಹೋಗಿ ನೋಡಿಬರಬೇಕು. ಕಟ್ಟಡ ನೋಡಲು ಹೋದವರು ವರ್ಕ್‌ಶಾಪನ್ನೂ ನೋಡಿ.

ನಾನು ಕೇಳುವುದು ಹೊಸ ಯಂತ್ರವನ್ನಲ್ಲ, ಹೊಸ ಹುದ್ದೆಯನ್ನೂ ಅಲ್ಲ. ಈಗಿರುವ ಸಿಬ್ಬಂದಿಯಲ್ಲೇ, ಆಸಕ್ತಿಯಿರುವ ಒಬ್ಬ ಸಿಸ್ಟರಿಗೋ ಟೆಕ್ನಿಷಿಯನ್ನಿಗೋ ಈ ಲೆನ್ಸುಗಳನ್ನು ಲಿಖಿತವಾಗಿ ವಹಿಸಿಕೊಡಿ. ಕಪಾಟಿನ ಬೀಗದ ಕೈ ಅವರ ಹತ್ತಿರ ಇರಲಿ. ವಾರಕ್ಕೊಂದು ಮಧ್ಯಾಹ್ನ ಅದಕ್ಕೆಂದೇ ಬಿಡುವು ಕೊಡಿ. ಅವರು ‘ಈ ಲೆನ್ಸ್ ಇವತ್ತು ಬಳಸುವ ಹಾಗಿಲ್ಲ’ ಎಂದರೆ ಆ ಮಾತನ್ನು ಡಾಕ್ಟರೂ ಒಪ್ಪಬೇಕೆಂದು ಆದೇಶದಲ್ಲೇ ಬರೆಯಿರಿ. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ನಿಮ್ಮ ಸಹಿಗೆ ಬಂದಾಗ ಅದರಲ್ಲಿ ಆ ಹೆಸರು ಇದೆಯೇ ಎಂದು ನೋಡಿ. ಇಲ್ಲದಿದ್ದರೆ, ಬರೆದ ಮೇಲೆಯೇ ಸಹಿ ಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಉಪಕರಣ ದುರಸ್ತಿಗಾರ